ಮೂಗಿನ ಮಿಸ್ತ್ರಿ

ಗುಲಾಬಸಾಬ ನದಾಫನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವನ ಅನ್ನವೂ ಅಲ್ಲೇ ಇತ್ತು. ಗಾಡಿ ಬಂದರೆ ಬೇರೆಯವರು ಮೊದಲು ಕೈ ಹಾಕುತ್ತಾರೆ, ಇವನು ಮೂಗು ಹಾಕುತ್ತಿದ್ದ. ಪ್ಲಗ್ಗು ಬಿಚ್ಚಿ, ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ ಒಮ್ಮೆ ಮೂಸಿದನೆಂದರೆ ಮುಗಿಯಿತು. "ರಿಂಗ್ ಹೋಗ್ಯಾವು, ಆಯಿಲ್ ಸುಡಾಕತ್ತೈತಿ" ಅನ್ನುವನು. "ಕಾರ್ಬೊರೇಟರ್ ಪೆಟ್ರೋಲ್ ಭಾಳ ಕುಡ್ಯಾಕತ್ತೈತಿ" ಅನ್ನುವನು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಗಬ್ಬೂರಿನ ಲಾರಿಯವರಿಂದ ಹಿಡಿದು ಧಾರವಾಡದ ಹಳೇ ಅಂಬಾಸಿಡರ್ ಸಾವ್ಕಾರರ ತನಕ ಎಲ್ಲರೂ ಅವನನ್ನು ಮೂಗಿನ ಮಿಸ್ತ್ರಿ ಅಂತಲೇ ಕರೆಯುತ್ತಿದ್ದರು. ಹೆಸರು ಬಂದ ಮೇಲೆ ಸೊಕ್ಕು ಬರದೇ ಇರುತ್ತದೆಯೇ? ಅದೂ ಬಂತು.

ಆಮೇಲೆ ಆ ಹಾಳಾದ ಕೊರೋನಾ ಬಂತು. ಊರಿಗೆಲ್ಲ ಬಂದು ಹೋದ ಹಾಗೆ ಇವನಿಗೂ ಬಂದು ಹೋಯಿತು. ಹೋಗುವಾಗ ಮೂಗಿನ ಶಕ್ತಿಯನ್ನು ಒಯ್ದುಬಿಟ್ಟಿತು. ಉಳಿದವರಿಗೆ ತಿಂಗಳೊಪ್ಪತ್ತಿನಲ್ಲಿ ವಾಸನೆ ತಿರುಗಿ ಬಂತು, ಇವನಿಗೆ ವರ್ಷಗಳು ಕಳೆದರೂ ಬರಲಿಲ್ಲ. ಮಲ್ಲಿಗೆಯೂ ಇಲ್ಲ, ಗಟಾರವೂ ಇಲ್ಲ. ಶುಕ್ರವಾರದ ನಮಾಜಿಗೆ ಹಚ್ಚಿಕೊಳ್ಳುವ ಅತ್ತರೂ ಅವನ ಪಾಲಿಗೆ ನೀರೇ ಆಯಿತು. ಒಬ್ಬರಿಗಾದರೂ ಹೇಳಿದನೇ? ಊಹೂಂ! ಕಣ್ಣು ಮಂಜಾದರೆ ಚಾಳೀಸು ಹಾಕಿಕೊಳ್ಳಬಹುದು, ಕಿವಿ ಮಂದವಾದರೆ ಮಷಿನ್ನು ಇಟ್ಟುಕೊಳ್ಳಬಹುದು. ಮೂಗು ಹೋದ ಮೂಗಿನ ಮಿಸ್ತ್ರಿ ಎಲ್ಲಿಗೆ ಹೋಗಬೇಕು? ಮೂಸುವ ನಾಟಕವನ್ನು ಮಾತ್ರ ಬಿಡಲಿಲ್ಲ. ಮೊದಲು ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ, ರೋಗ ಯಾವುದೆಂದು ಗೊತ್ತು ಮಾಡಿಕೊಂಡು, ಆಮೇಲೆ ಕಣ್ಣು ಮುಚ್ಚಿ ಪ್ಲಗ್ಗು ಮೂಸಿ ಹೇಳುತ್ತಿದ್ದ. ಜೀವಮಾನವೆಲ್ಲ ಪಳಗಿದ ಕೈ, ಬಹಳ ಸಲ ಸರಿಯೇ ಆಗುತ್ತಿತ್ತು.

ಈ ಗುಟ್ಟು ಗೊತ್ತಿದ್ದವಳು ಒಬ್ಬಳೇ, ಮಗಳು ಜೋಯಾ. ಗದಗಿಗೆ ಕೊಟ್ಟಿದ್ದ ಹುಡುಗಿ. ರಮಜಾನಿಗೆ ಅಂತ ತವರಿಗೆ ಬಂದವಳು ತಿರುಗಿ ಹೋಗಿರಲಿಲ್ಲ. ಗಂಡ ಜುಲ್ಫಿಕಾರನದು ಬಟ್ಟೆ ಅಂಗಡಿ. ಗಿರಾಕಿಯ ಮುಂದೆ ಬೆಣ್ಣೆಯಂಥ ಮಾತು, ಮನೆಯೊಳಗೆ ಬಂದರೆ ಕೈ ಎತ್ತುವವನು. ಅದನ್ನು ಜೋಯಾ ಒಂದೇ ಸಲ ಹೇಳಿದ್ದಳು. ತಾಯಿ ಅಬೀದಾ ಸೆರಗು ಬಾಯಿಗೆ ಹಿಡಿದು ಅತ್ತಳು, ತಂದೆ ಎದ್ದು ಹೊರಗೆ ಹೋದ. ಆಮೇಲೆ ಆ ಮಾತು ಆ ಮನೆಯಲ್ಲಿ ಏಳಲಿಲ್ಲ.

ಒಂದು ದಿನ ಅಬೀದಾ ಹಿಟ್ಟು ಬೀಸಿಸಲು ಹೋಗಿದ್ದಾಗ ಗ್ಯಾಸಿನ ಒಲೆಯ ಕಿವಿ ಅರ್ಧ ತಿರುಗಿದ್ದು ಹಾಗೇ ಉಳಿದಿತ್ತು. ಮನೆ ತುಂಬ ಗ್ಯಾಸು. ಅದರ ನಡುವೆ ಗುಲಾಬಸಾಬ ಆರಾಮಾಗಿ ಕೂತು, ಬೀಡಿ ಬಾಯಿಗಿಟ್ಟು, ಕಡ್ಡಿಪೆಟ್ಟಿಗೆ ತೆಗೆದಿದ್ದ. ಹೊರಗಿನಿಂದ ಬಂದ ಜೋಯಾ ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿ ಅವನ ಕೈಮೇಲೆ ಹೊಡೆದು ಪೆಟ್ಟಿಗೆ ಕಸಿದುಕೊಂಡಳು. ಒಲೆ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು, ಗಾಳಿ ಆಡಿದ ಮೇಲೆ ಅಪ್ಪನ ಮುಖ ನೋಡಿದಳು.

"ಅಪ್ಪಾ, ನಿನಗ ವಾಸನಿ ಬರಂಗಿಲ್ಲೇನು?"

ಗುಲಾಬಸಾಬ ಬೀಡಿಯನ್ನು ಬಾಯಿಂದ ತೆಗೆದು ಕಿವಿಯ ಸಂದಿಗೆ ಸಿಕ್ಕಿಸಿದ. ಅವಳು ಅವ್ವನಿಗೂ ಹೇಳಲಿಲ್ಲ. ಕೆಲವು ದಿನ ಬಿಟ್ಟು ಅವನೊಬ್ಬನೇ ಇದ್ದಾಗ ಹತ್ತಿರ ಬಂದು ಕೂತಳು.

"ನಾ ಗ್ಯಾರೇಜಿಗೆ ಬರ್ತೇನಿ ಅಪ್ಪಾ. ನೀ ಬಿಚ್ಚು, ನಾ ಮೂಸ್ತೇನಿ. ಮಂದಿ ಮುಂದ ಹೇಳಾಂವ ನೀನ. ಒಂದು ನರಪಿಳ್ಳಿಗೂ ಗೊತ್ತಾಗಂಗಿಲ್ಲ."

ಸುಮ್ಮನೆ ಹೇಳಿದ ಮಾತಲ್ಲ ಅದು. ಸಣ್ಣವಳಿದ್ದಾಗ ಅವನ ತೊಡೆಯ ಮೇಲೆ ಕೂತು, ಹಾಲು ಕುಡಿಯುವ ಬಾಯಲ್ಲಿ "ಇದು ಆಯಿಲ್, ಇದು ಪೆಟ್ರೋಲ್" ಅಂತ ಹೇಳಿ ಗಿರಾಕಿಗಳನ್ನು ನಗಿಸಿದವಳು. ಅಪ್ಪನ ಮೂಗು ಅವಳಿಗೆ ಇಳಿದು ಬಂದಿತ್ತು. ಆಗ ಅವನೂ ಎದೆಯುಬ್ಬಿಸಿ ನಕ್ಕಿದ್ದ. ಈಗ ಮೈಮೇಲೆ ಕೆಂಡ ಬಿದ್ದವರ ಹಾಗೆ ಹಾರಿಬಿದ್ದ.

"ಹೆಣ್ಣಮಕ್ಕಳಿಗೆ ಅಲ್ಲಾ ಮೂಗು ಕೊಟ್ಟಿದ್ದು ನತ್ತು ಹಾಕ್ಕೊಳ್ಳಾಕ, ಪ್ಲಗ್ಗು ಮೂಸಾಕಲ್ಲ! ಇನ್ನೊಮ್ಮೆ ಈ ಮಾತು ಎತ್ತಿದ್ರ ನೋಡು."

ಅವಳು ಎತ್ತಲಿಲ್ಲ, ಆ ದಿನದ ತನಕ.

ಆ ದಿನ ಸಂಜೆ ಗದಗಿನವರು ಬರುವವರಿದ್ದರು. ಜುಲ್ಫಿಕಾರ, ಜೊತೆಗೆ ಹಿರಿಯ ಅಂತ ಅವನ ಕಾಕಾ ಅಬ್ದುಲಗನಿ. ಇತ್ಯರ್ಥ ಮಾಡಿ ಹುಡುಗಿಯನ್ನು ಕರೆದೊಯ್ಯುತ್ತೇವೆ ಅಂತ ಫೋನು ಮಾಡಿದ್ದರು. ಬೆಳಿಗ್ಗೆ ಜೋಯಾ ಚಹಾದ ಕಪ್ಪನ್ನು ಅಪ್ಪನ ಕೈಗೆ ಕೊಟ್ಟು ಹಾಗೇ ನಿಂತಳು.

"ಅಪ್ಪಾ, ಕಳಸ್ತೀರೋ ಇಲ್ಲೋ ಅಂತ ಅವರು ನಿನ್ನ ಕೇಳ್ತಾರ. 'ಆಕಿ ನನ್ನ ಕೆಲಸಕ್ಕ ಬೇಕಾಗ್ಯಾಳ, ಗ್ಯಾರೇಜಿಗೆ ಬೇಕಾಗ್ಯಾಳ' ಅಂತ ಒಂದ ಮಾತು ಹೇಳು. ಅಷ್ಟಂದ್ರ ನಾ ಇಲ್ಲೇ ಇರ್ತೇನಿ. ಇಲ್ಲಂದ್ರ ಹೋಗ್ತೇನಿ. ಬ್ಯಾಡಾದ ಮನ್ಯಾಗ ಕೂಳು ತಿನ್ನೂದು ಇಲ್ಲಾದ್ರೇನು, ಅಲ್ಲಾದ್ರೇನು?"

"ನೋಡೂಣಂತ," ಅಂದ ಗುಲಾಬಸಾಬ.

ಈ 'ನೋಡೂಣಂತ' ಎಷ್ಟು ಮನೆಗಳನ್ನು ಹಾಳು ಮಾಡಿದೆಯೋ ಆ ದೇವರೇ ಬಲ್ಲ. ಚಹಾ ಕುಡಿದು, ಟೋಪಿ ಹಾಕಿಕೊಂಡು, ಮಗಳ ಮುಖ ನೋಡದೆ ಗ್ಯಾರೇಜಿಗೆ ನಡೆದ.

ಅಲ್ಲಿ ಶಿದ್ದಪ್ಪನ ಫಿಯಾಟ್ ಕಾಯುತ್ತಿತ್ತು. ಶಿದ್ದಪ್ಪನೆಂದರೆ ಗೋಪನಕೊಪ್ಪದಲ್ಲಿ ಖಾರ ಕುಟ್ಟುವ ಗಿರಣಿ ಇಟ್ಟವನು. ಮಾತಿಗೊಮ್ಮೆ ಸೀನುವ ಮನುಷ್ಯ. ಅಂಗಿ, ಹುಬ್ಬು, ಕಿವಿಯ ಸಂದಿ ಎಲ್ಲ ಮೆಣಸಿನಪುಡಿ. ಟೆಂಪೋಗೆ ಹಗ್ಗ ಕಟ್ಟಿ ಕಾರನ್ನು ಎಳೆದುಕೊಂಡು ಬಂದಿದ್ದ. ಅದು ಅವನ ತಂದೆ ಕೊಂಡ ಕಾರು, ಕೆನೆ ಬಣ್ಣದ್ದು. ತಂದೆ ಹೋದ ಮೇಲೆ ಶೆಡ್ಡಿನಲ್ಲೇ ಇರುತ್ತಿತ್ತು. ಆಗೊಮ್ಮೆ ಈಗೊಮ್ಮೆ ಚಾಲೂ ಮಾಡಿ ಇಡುತ್ತಿದ್ದರು.

"ನಾಳೆ ಅಪ್ಪನ ಪುಣ್ಯತಿಥಿ ಸಾಬ್ರ," ಅಂದ ಶಿದ್ದಪ್ಪ. "ನಮ್ಮವ್ವ ಸಾವಕ್ಕ ಹಟ ಹಿಡದಾಳ, ಹೊಲದಾಗಿನ ಸಮಾಧಿಗೆ ಇದೇ ಗಾಡ್ಯಾಗ ಹೋಗಬೇಕಂತ. ಮುಂಜಾನಿ ಕೀಲಿ ತಿರುವಿದೆ, ಒಮ್ಮೆ ಚಾಲೂ ಆತು, ಕೆಮ್ಮಿತು, ಸತ್ತು ಬಿತ್ತು. ಆಮ್ಯಾಲೆ ಏನ್ ಮಾಡಿದ್ರೂ ಇಲ್ಲ. ಆ... ಆಕ್ಷೀ! ಮೂಸಿ ನೋಡ್ರಿ, ನಿಮ್ಮ ಮೂಗಿಗೆ ತಿಳಿಲಾರದ್ದು ಏನೈತಿ?"

ಗುಲಾಬಸಾಬ ಬಾನೆಟ್ಟು ಎತ್ತಿದ. ಪಕ್ಕದಲ್ಲೇ ಗಾಡಿಗಳ ವೈರಿಂಗ್ ಮಾಡುವ ಇಕ್ಬಾಲನ ಅಂಗಡಿ. ಬಾಯಲ್ಲಿ ಗುಟ್ಕಾ ಒತ್ತಿಕೊಂಡು, ಬೆಸುಗೆಯ ಹೊಗೆಯಲ್ಲೇ ಇರುವವನು, ತಮಾಷೆ ನೋಡಲು ಅವನೂ ಬಂದು ನಿಂತ.

ಗಾಡಿ ಚಾಲೂ ಆಗದಿದ್ದರೆ ಹುಡುಕಬೇಕಾದ್ದು ಎರಡೇ: ಕಿಡಿ ಬರುತ್ತದೆಯೇ, ಎಣ್ಣೆ ಬರುತ್ತದೆಯೇ. ಗುಲಾಬಸಾಬ ಮೊದಲು ಕಿಡಿ ನೋಡಿದ. ಪ್ಲಗ್ಗಿನ ವೈರು ಬಿಚ್ಚಿ ಇಂಜಿನ್ನಿನ ಮೈಗೆ ಸಮೀಪ ಹಿಡಿದು, ಶಿದ್ದಪ್ಪನಿಗೆ ಕೀಲಿ ತಿರುಗಿಸಲು ಹೇಳಿದ. ಚಟ್ ಚಟ್ ಅಂತ ನೀಲಿ ಕಿಡಿ ಹಾರಿತು. ಒಳ್ಳೆಯ ಗಟ್ಟಿ ಕಿಡಿ. ಆಮೇಲೆ ಎಣ್ಣೆ. ಪಂಪಿನ ಕೈ ಎತ್ತಿ ಇಳಿಸಿದರೆ ಪೈಪಿನ ಬಾಯಿಂದ ಧಾರೆ ಚಿಮ್ಮಿತು. ಪ್ಲಗ್ಗು ಬಿಚ್ಚಿದರೆ ತುದಿ ಒದ್ದೆ. ಅಂದರೆ ಎಣ್ಣೆ ಇಂಜಿನ್ನಿನ ಒಳಗೂ ಹೋಗುತ್ತಿದೆ.

ಕಿಡಿಯೂ ಇದೆ, ಎಣ್ಣೆಯೂ ಇದೆ. ಹಾಗಾದರೆ ಈ ಮಗಂದಕ್ಕೆ ಏನು ರೋಗ?

"ಮೂಸ್ರಿ ಕಾಕಾ," ಅಂದ ಇಕ್ಬಾಲ.

ಗುಲಾಬಸಾಬ ಪ್ಲಗ್ಗನ್ನು ಮೂಗಿನ ಹತ್ತಿರ ಒಯ್ದ. ಕಣ್ಣು ಮುಚ್ಚಿ ದೀರ್ಘ ಎಳೆದ. ಏನೂ ಇಲ್ಲ, ಬರೀ ಗಾಳಿ. ಮುಖ ಮಾತ್ರ ಗಂಭೀರವಾಗಿಯೇ ಇತ್ತು.

"ಕಂಡೆನ್ಸರ್," ಅಂದ. "ಕಿಡಿ ಕಾಣಾಕಷ್ಟ ಛಲೋ ಐತಿ, ಒಳಗ ದಮ್ಮಿಲ್ಲ."

ಕಂಡೆನ್ಸರ್ ಬದಲಾಯಿತು. ಸೆಲ್ಫು ಹೊಡೆದರೆ ಇಂಜಿನ್ನು ಗರಗರ ತಿರುಗಿತೇ ಹೊರತು ಹತ್ತಲಿಲ್ಲ. ಪಾಯಿಂಟು ಉಜ್ಜಿದ, ಕಾಯಿಲ್ ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ಜೆಟ್ಟುಗಳನ್ನೆಲ್ಲ ಊದಿ ಕೂಡಿಸಿದ. ಇಲ್ಲ. ಬ್ಯಾಟರಿ ಸೋತಿತು, ಇಕ್ಬಾಲ ತನ್ನದೊಂದು ತಂದು ಹಚ್ಚಿದ. ಆಗಲೂ ಇಲ್ಲ.

ಕೊನೆಗೆ ಎಲ್ಲ ಮಿಸ್ತ್ರಿಗಳೂ ಮಾಡುವ ಉಪಾಯ ಮಾಡಿದ: ಬಾಟಲಿಯಲ್ಲಿ ಎಣ್ಣೆ ಹಿಡಿದು ನೇರ ಕಾರ್ಬೊರೇಟರಿನ ಬಾಯಿಗೆ ಹೊಯ್ದ. ಪಂಪು, ಪೈಪು ಯಾವುದು ಕೆಟ್ಟಿದ್ದರೂ ಇದರಿಂದ ಒಮ್ಮೆಯಾದರೂ ಹತ್ತಲೇಬೇಕು. ಹತ್ತಲಿಲ್ಲ. ಆದರೆ ಆ ಬಾಟಲಿಗೆ ಎಣ್ಣೆ ಎಲ್ಲಿಯದು? ಅದೇ ಗಾಡಿಯ ಪೈಪಿನದು. ಅದು ಗುಲಾಬಸಾಬನ ನೇಮ. ಒಬ್ಬರ ಗಾಡಿಯ ಎಣ್ಣೆ ಇನ್ನೊಬ್ಬರ ಗಾಡಿಗೆ ಒಂದು ಹನಿಯೂ ಹೋಗಬಾರದು, ನಾಳೆ ಯಾರೂ ಎಣ್ಣೆ ಕದ್ದ ಅನ್ನಬಾರದು. ಪ್ರಾಮಾಣಿಕ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆ ದಿನ ಆ ಪ್ರಾಮಾಣಿಕತೆಯೇ ಅವನ ಕಣ್ಣು ಕಟ್ಟಿತು. ಬಾಟಲಿಯೂ ಹಸಿರು, ಹಸಿರು ಬಾಟಲಿಯಲ್ಲಿ ಎಲ್ಲ ಎಣ್ಣೆಯೂ ಹಸಿರೇ.

ಬಿಸಿಲು ನೆತ್ತಿಗೆ ಬಂತು. ಶಿದ್ದಪ್ಪನ ಸೀನು ಹೆಚ್ಚಿತು, ಮಾತು ಕಡಿಮೆಯಾಯಿತು. "ಬ್ಯಾರೆ ಕಡೆ ತೋರಸ್ಲೇನ್ರಿ?" ಅಂತ ಮೆತ್ತಗೆ ಕೇಳಿದ. ಆ ಮಾತು ಗುಲಾಬಸಾಬನ ಎದೆಗೆ ನೇರ ಹೋಗಿ ನಾಟಿತು. ಇವನ ಕೈಯಿಂದ ಆಗದ್ದನ್ನು ಬೇರೆಯವರಿಗೆ ತೋರಿಸುವುದು! ಈ ಜನ್ಮದಲ್ಲಿ ಅಂಥ ಮಾತು ಕೇಳಿದವನಲ್ಲ ಅವನು.

"ಸಂಜೀತನಕ ತಡೀರಿ ಸಾವ್ಕಾರ್ರ," ಅಂದ.

ಆ ಹೊತ್ತಿಗೆ ಜೋಯಾ ಬುತ್ತಿ ತಗೊಂಡು ಬಂದಳು. ಅಪ್ಪ ಊಟಕ್ಕೆ ಬಾರದ್ದಕ್ಕೆ ಅಬೀದಾ ಕಳಿಸಿದ್ದಳು. ಗ್ಯಾರೇಜಿನ ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಮೂಗಿನ ಹೊಳ್ಳೆ ಒಮ್ಮೆ ಅರಳಿತು. ಕಾರಿನ ಕಡೆ ನೋಡಿದಳು, ಬಾಟಲಿಯ ಕಡೆ ನೋಡಿದಳು, ಆಮೇಲೆ ಅಪ್ಪನ ಕಡೆ.

"ಅಪ್ಪಾ, ಒಂಚೂರು ಒಳಗ ಬಾ."

"ಯಾಕ? ಬುತ್ತಿ ಇಟ್ಟು ಹೋಗು."

"ಒಂದ ಮಾತೈತಿ ಅಪ್ಪಾ. ಒಳಗ ಬಾ."

ಜಾಣನಾಗಿದ್ದರೆ ಹೋಗುತ್ತಿದ್ದ. ಹುಡುಗಿ ಅವನ ಮಾನ ಉಳಿಸಲೆಂದೇ ಒಳಗೆ ಕರೆಯುತ್ತಿದ್ದಳು. ಆದರೆ ಬೆಳಗಿನ ಮಾತನ್ನೇ ಮತ್ತೆ ತೆಗೆಯುತ್ತಾಳೆ ಅಂತ ಇವನಿಗೆ ಅನ್ನಿಸಿತು. ಮೊದಲೇ ಸೋತು ಕುದಿಯುತ್ತಿದ್ದವನು.

"ಏನದು ಗುಸುಗುಸು? ಇಲ್ಲೇ ಒದರು!"

ಜೋಯಾ ಹತ್ತಿರ ಬಂದಳು. ದನಿ ತಗ್ಗಿಸಿಯೇ ಹೇಳಿದಳು, "ಇದು ಪೆಟ್ರೋಲ್ ಅಲ್ಲಪ್ಪಾ. ಚಿಮಣಿ ಎಣ್ಣಿ ವಾಸನಿ ಬರಾಕತ್ತೈತಿ."

ಎಷ್ಟು ತಗ್ಗಿಸಿದರೇನು, ಇಕ್ಬಾಲನಿಗೆ ಕೇಳಿತು. "ಏನಂತ? ಚಿಮಣಿ ಎಣ್ಣಿ?" ಅಂತ ನಕ್ಕ. "ರೇಶನ್ನಿನ್ಯಾಗ ಚಿಮಣಿ ಎಣ್ಣಿ ಬಂದ್ ಆಗಿ ಎಷ್ಟು ವರ್ಷಾತವಾ! ಈಗ ಎಲ್ಲೀದು ತಗೀತಿ?"

"ಅದಕ್ಕ ಹೇಳಿದ್ನಿ ಇಕ್ಬಾಲಣ್ಣಾ. ಇಲ್ಲಿ ಸಾಮಾನು ತೊಳ್ಯಾಕೂ ಡೀಸೆಲ್ಲ ಐತಿ. ಮತ್ತ ಈ ವಾಸನಿ ಎಲ್ಲಿಂದ ಬಂತು?"

ಶಿದ್ದಪ್ಪ ಗುಲಾಬಸಾಬನ ಕಡೆ ತಿರುಗಿದ. "ನೀವು ಮೂಸೀರೆಲ್ಲಾ ಸಾಬ್ರ? ನಮ್ಮ ಮೂಗಂತೂ ಖಾರದಾಗ ಸತ್ತು ಹೋಗೇತಿ."

ಮೂವರ ಕಣ್ಣೂ ಗುಲಾಬಸಾಬನ ಮೇಲಿದ್ದವು. ಮಗಳು ಹೇಳಿದ್ದು ಖರೇ ಇರಬೇಕು ಅಂತ ಅವನಿಗೆ ಆ ಕ್ಷಣವೇ ಹೊಳೆದಿತ್ತು. ಮುಂಜಾನೆಯಿಂದ ಕಂಡದ್ದಕ್ಕೆಲ್ಲ ಅದೊಂದೇ ಉತ್ತರ. ಆದರೆ ಹೂಂ ಅಂದರೆ, ಮೂಸಿದ್ದು ಸುಳ್ಳೆಂದಾಯಿತು. ಮೂಸಿದ್ದು ಸುಳ್ಳಾದರೆ ಮಿಸ್ತ್ರಿಯೇ ಸುಳ್ಳಾದ.

"ಮೂಸೇನಿ," ಅಂದ. "ಪೆಟ್ರೋಲ್ ಐತಿ."

"ಅಪ್ಪಾ..."

"ಬಾಯಿ ಮುಚ್ಚು!" ಅಂತ ಸ್ಪ್ಯಾನರನ್ನು ನೆಲಕ್ಕೆ ಬಡಿದ. "ಗಂಡನ ಮನಿ ಅನ್ನದ ವಾಸನಿ ಹಿಡೀಲಿಲ್ಲ ಇಕಿಗೆ, ನನ್ನ ಗ್ಯಾರೇಜಿನ ವಾಸನಿ ಹಿಡ್ಯಾಕ ಬಂದಾಳ!"

ಥೂ ಆ ನಾಲಿಗೆಗಿಷ್ಟು! ಹೆತ್ತ ತಂದೆ ಆಡುವ ಮಾತೇ ಅದು? ಅದೂ ನಾಲ್ಕು ಮಂದಿ ಓಡಾಡುವ ರಸ್ತೆಯ ಬದಿಯಲ್ಲಿ. ಇಕ್ಬಾಲ ಗುಟ್ಕಾ ಅಗಿಯುವುದನ್ನು ನಿಲ್ಲಿಸಿದ. ಶಿದ್ದಪ್ಪ ನೆಲ ನೋಡಿದ. ಜೋಯಾ ಒಂದೇ ಒಂದು ಮಾತು ಆಡಬಹುದಿತ್ತು, 'ನಿನಗ ವಾಸನೀನ ಬರಂಗಿಲ್ಲಲ್ಲಪ್ಪಾ' ಅಂತ. ಗುಲಾಬಸಾಬನ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆಡಲಿಲ್ಲ. ಬುತ್ತಿಯನ್ನು ಕಟ್ಟೆಯ ಮೇಲಿಟ್ಟು, ಸೆರಗು ಸರಿ ಮಾಡಿಕೊಂಡು, ಬಂದ ದಾರಿಯಲ್ಲೇ ಹೋದಳು.

ಸ್ವಲ್ಪ ಹೊತ್ತಿಗೆ ಶಿದ್ದಪ್ಪನೂ ಇಕ್ಬಾಲನೂ ಚಹಾಕ್ಕೆಂದು ಎದುರಿನ ಅಂಗಡಿಗೆ ಹೋದರು. ಒಬ್ಬನೇ ಉಳಿದ ಗುಲಾಬಸಾಬ ಬಾಟಲಿಯನ್ನು ಎತ್ತಿ ಅಂಗೈಗೆ ಒಂದಿಷ್ಟು ಸುರಿದುಕೊಂಡ. ಪೆಟ್ರೋಲ್ ಆಗಿದ್ದರೆ ಕೈ ತಣ್ಣಗಾಗಿ, ನೋಡುನೋಡುವುದರಲ್ಲಿ ಆರಿ ಹೋಗಬೇಕು. ಇದು ಆರಲಿಲ್ಲ. ಬೆರಳಿಂದ ಉಜ್ಜಿದ, ಜಿಡ್ಡು ಜಿಡ್ಡಾಗಿ ಅಂಗೈ ತುಂಬ ಹರಡಿತು. ಅಂಗೈಯನ್ನು ಬೆಳಕಿಗೆ ಹಿಡಿದರೆ ಅದರಲ್ಲಿ ರೇಶನ್ ಸೀಮೆಎಣ್ಣೆಯ ನೀಲಿ ಛಾಯೆ ಕಂಡಿತು. ಹುಡುಗಿ ಬಾಗಿಲಲ್ಲಿ ನಿಂತು ಒಂದು ಉಸಿರಿನಲ್ಲಿ ಹಿಡಿದದ್ದು! ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

ಆಗಲಾದರೂ ಮಾಡಬೇಕಾದ್ದೇನು? ಎದ್ದು ಮನೆಗೆ ಹೋಗಿ ಮಗಳ ಮುಂದೆ ನಿಲ್ಲಬೇಕಿತ್ತು. ಇವನು ಜಟ್ಟಿ, ಬಿದ್ದರೂ ಮೀಸೆ ಮಣ್ಣಾಗಬಾರದು. ಅವರಿಬ್ಬರೂ ತಿರುಗಿ ಬಂದಾಗ, "ಟ್ಯಾಂಕಿನ ತಳದಾಗ ಜಂಗು ತುಕ್ಕು ಕುಂತೈತಿ ಸಾವ್ಕಾರ್ರ. ಖಾಲಿ ಮಾಡಿ ತೊಳಿಬೇಕು. ಹೊಸಾ ಪೆಟ್ರೋಲ್ ತರ್ರಿ" ಅಂದ. ಶಿದ್ದಪ್ಪ ಕ್ಯಾನು ಹಿಡಿದು ಬಂಕಿಗೆ ಹೋದ. ಇವನು ಟ್ಯಾಂಕಿನದನ್ನೆಲ್ಲ ಯಾರಿಗೂ ಕಾಣದ ಹಾಗೆ ಹಿಂದಿನ ಡಬ್ಬಕ್ಕೆ ಇಳಿಸಿದ, ಪೈಪು ಊದಿದ, ಪ್ಲಗ್ಗುಗಳನ್ನು ಒರೆಸಿ ಬಿಸಿ ಮಾಡಿ ಕೂಡಿಸಿದ.

ಹೊಸ ಪೆಟ್ರೋಲ್ ಬಿದ್ದ ಮೇಲೆ ಫಿಯಾಟ್ ಎರಡು ಸಲ ಕೆಮ್ಮಿ, ದಟ್ಟ ಹೊಗೆ ಉಗುಳಿ, ಮೂರನೆಯದಕ್ಕೆ ಹೊತ್ತಿಕೊಂಡು ಹಳೇ ದನಿಯಲ್ಲಿ ಉರುಳತೊಡಗಿತು.

"ಮೂಗಿನ ಮಿಸ್ತ್ರಿ ಅಂದ್ರ ಸುಮ್ಮನ ಅಲ್ಲ ನೋಡ್ರಿ!" ಅಂತ ಶಿದ್ದಪ್ಪ ಕುಣಿದಾಡಿದ. ಅಲ್ಲೇ ತಾಯಿಗೆ ಫೋನು ಹಚ್ಚಿದ. ಸಾವಕ್ಕನಿಗೆ ಕಿವಿ ಮಂದ; ಅದಕ್ಕೆ ಫೋನಿನಲ್ಲೂ ಕೂಗಿಯೇ ಮಾತಾಡುವವಳು, ಅವಳ ಮಾತು ಎಲ್ಲರಿಗೂ ಕೇಳಿತು.

"ಚಾಲೂ ಆತೇನೋ? ಆಗದ ಏನ್ ಮಾಡೀತು! ನಾ ಎಣ್ಣಿ ಹಾಕೇನಲ್ಲ!"

"ನೀ ಏನ್ ಹಾಕೀಬೇ?"

"ನಿನ್ನೆ ನೀನ ಫೋನಿನ್ಯಾಗ ಹೇಳಿದೆಲ್ಲೋ, ನಾಳೆ ಗಾಡಿ ತಗೀಬೇಕು, ಅದಕ್ಕ ಎಣ್ಣಿ ಹಾಕಬೇಕು ಅಂತ. ರೇಶನ್ನಿನ್ಯಾಗ ಕೊಡೂಮುಂದ ನಾ ಉಳಿಸಿಟ್ಟ ಡಬ್ಬಿ ಅಟ್ಟದ ಮ್ಯಾಲೆ ಇತ್ತು. ನಿಮ್ಮಪ್ಪನ ಗಾಡಿಗೆ ಕೆಲಸಕ್ಕ ಬಂತಲ್ಲ ಅಂತ ಪೂರ್ತಿ ಸುರುವಿದೆ. ಒಂದ ಹನಿ ಚೆಲ್ಲಿಲ್ಲ ನೋಡು!"

ನಮ್ಮ ಕಡೆ ಪೆಟ್ರೋಲಿಗೂ ಎಣ್ಣಿ, ಡೀಸೆಲ್ಲಿಗೂ ಎಣ್ಣಿ, ಒಗ್ಗರಣೆಗೂ ಎಣ್ಣಿ, ದೀಪಕ್ಕೂ ಎಣ್ಣಿ. ಪಾಪ, ಮುದುಕಿಗೆ ಮನೆಯಲ್ಲಿದ್ದ ಎಣ್ಣೆ ಯಾವುದು ಗೊತ್ತೋ ಅದನ್ನೇ ಹಾಕಿದಳು. ಶಿದ್ದಪ್ಪ ಹೊಟ್ಟೆ ಹಿಡಿದು ನಕ್ಕ, ನಗುತ್ತಲೇ ಸೀನಿದ, ಆಮೇಲೆ ಒಮ್ಮೆಲೇ ನಿಂತ.

"ಎಲಾ! ಹಂಗಾದ್ರ ನಿಮ್ಮ ಮಗಳು ಹೇಳಿದ್ದು ಖರೇ ಆತಲ್ರಿ ಸಾಬ್ರ! ಎಂಥಾ ಮೂಗೋ ಮಾರಾಯಾ! ಅಂಥಾಕೀನ್ನ ಗ್ಯಾರೇಜಿನ್ಯಾಗ ಕುಂಡ್ರಸ್ಕೊಳ್ರಿ, ನಾನ ನನ್ನ ಎಲ್ಲಾ ಗಾಡಿ ನಿಮ್ಮಲ್ಲೇ ಕಳಸ್ತೇನಿ."

ಇಕ್ಬಾಲ ನಗಲಿಲ್ಲ. ಗುಲಾಬಸಾಬನನ್ನೇ ನೋಡುತ್ತ, "ನೀವು ಮೂಸಿದ್ರೆಲ್ಲಾ ಕಾಕಾ?" ಅಂದ.

"ಮೂಸಿದ್ದೆ. ಗೊತ್ತಿತ್ತು," ಅಂದ ಗುಲಾಬಸಾಬ. "ಹೆಣ್ಣಹುಡುಗೀನ್ನ ತಲಿಮ್ಯಾಲೆ ಏರಸಬಾರದು ಅಂತ ಸುಮ್ಮಿದ್ದೆ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು.

ಆದರೂ ಶಿದ್ದಪ್ಪನ ಮಾತು ಅವನ ಕಿವಿಯಲ್ಲಿ ಉಳಿಯಿತು. ಊರವರ ಬಾಯಿಂದಲೇ ಬಂದಿತಲ್ಲ, ಮಗಳನ್ನು ಗ್ಯಾರೇಜಿನಲ್ಲಿ ಕೂಡಿಸಿಕೊಳ್ಳಿರಿ ಅಂತ! ಇನ್ನೇನು ಅಡ್ಡಿ? ಕೈ ತೊಳೆದುಕೊ‍ಂಡು ಬಾಗಿಲು ಎಳೆದು ಮನೆಗೆ ಹೊರಟಾಗ ಮಧ್ಯಾಹ್ನದ ನಮಾಜು ತಪ್ಪಿದ್ದು ನೆನಪಾಯಿತು, ಬುತ್ತಿ ಬಿಚ್ಚದೇ ಉಳಿದದ್ದೂ ನೆನಪಾಯಿತು. ದಾರಿಯುದ್ದಕ್ಕೂ ಒಂದೇ ಮಾತನ್ನು ನಾಲಿಗೆಯ ಮೇಲೆ ತಿರುವಿಕೊಳ್ಳುತ್ತ ನಡೆದ: ನನ್ನ ಕೆಲಸಕ್ಕ ಬೇಕಾಗ್ಯಾಳ, ಗ್ಯಾರೇಜಿಗೆ ಬೇಕಾಗ್ಯಾಳ.

ಮನೆಯಲ್ಲಿ ಗದಗಿನವರು ಆಗಲೇ ಬಂದು ಕೂತಿದ್ದರು. ಅಬ್ದುಲಗನಿ ಕುರ್ಚಿಯ ಮೇಲೆ, ಜುಲ್ಫಿಕಾರ ಮಿಠಾಯಿ ಪೆಟ್ಟಿಗೆ ಮುಂದಿಟ್ಟುಕೊಂಡು ಚಾಪೆಯ ಮೇಲೆ. ಒಳಗೆ ಅಬೀದಾ ಚಹಾಕ್ಕೆಂದು ಹಾಲು ಇಟ್ಟಿದ್ದಳು. ಅಡುಗೆಮನೆಯ ಬಾಗಿಲಿಗೆ ಒರಗಿ ಜೋಯಾ ನಿಂತಿದ್ದಳು. ಕಾಲ ಬಳಿ ಚೀಲವಿತ್ತು. ಕಟ್ಟಿದ್ದಳು, ಆದರೆ ಕೈಗೆ ತೆಗೆದುಕೊಂಡಿರಲಿಲ್ಲ. ಮಧ್ಯಾಹ್ನ ಅಷ್ಟಾದ ಮೇಲೂ ಆ ಹುಡುಗಿ ಕಾದಿದ್ದಳು ನೋಡಿ!

ಸಲಾಮು ಆಯಿತು, ಮಳೆ ಬೆಳೆಯ ಮಾತಾಯಿತು. ಅಬ್ದುಲಗನಿ ಗಡ್ಡ ಸವರಿಕೊಂಡ.

"ಆದದ್ದು ಆತು. ನಮ್ಮ ಹುಡುಗಗೂ ಬುದ್ಧಿ ಹೇಳೇನಿ. ಈಗ ನೀವು ಹೇಳ್ರಿ ಗುಲಾಬಸಾಬ್ರ, ಕಳಸ್ತೀರಿಲ್ಲೋ?"

ಗುಲಾಬಸಾಬ ಮಗಳ ಕಡೆ ನೋಡಿದ. ಅವಳೂ ನೋಡುತ್ತಿದ್ದಳು.

"ಕಳಸಂಗಿಲ್ಲ," ಅಂದ. "ನನಗ ಬೇಕಾಗ್ಯಾಳ."

ಜೋಯಾಳ ಕಣ್ಣು ತುಂಬಿದವು. ಮೈ ಬಾಗಿಲಿನಿಂದ ಒಂಚೂರು ಮುಂದೆ ಬಂತು. ಆ ಮುಖವನ್ನು ಗುಲಾಬಸಾಬ ಬಹಳ ವರ್ಷಗಳಿಂದ ನೋಡಿರಲಿಲ್ಲ. ತೊಡೆಯ ಮೇಲೆ ಕೂತು ಪ್ಲಗ್ಗು ಮೂಸುತ್ತಿದ್ದ ಹುಡುಗಿಯ ಮುಖ.

"ಯಾತಕ್ಕ ಬೇಕಾಗ್ಯಾಳ?" ಅಂದ ಅಬ್ದುಲಗನಿ. ಕೊಂಕಿನಿಂದಲ್ಲ, ಸಹಜವಾಗಿಯೇ ಕೇಳಿದ.

ಯಾತಕ್ಕೆ? ಉಳಿದ ಮಾತು ನಾಲಿಗೆಯ ಮೇಲೆಯೇ ಇತ್ತು. ಗ್ಯಾರೇಜಿಗೆ ಅಂದರೆ ಗ್ಯಾರೇಜಿನಲ್ಲಿ ಹೆಣ್ಣಿಗೇನು ಕೆಲಸ ಅನ್ನುತ್ತಾರೆ. ಮೂಸಲು ಅಂದರೆ, ನಿನ್ನ ಮೂಗಿಗೆ ಏನಾಗಿದೆ ಅನ್ನುತ್ತಾರೆ. ಅಬ್ದುಲಗನಿಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಇಂದು ಗದಗು, ನಾಳೆ ಹುಬ್ಬಳ್ಳಿ. ಇಕ್ಬಾಲನ ಆ ನೋಟ ಕಣ್ಣ ಮುಂದೆ ಬಂತು. ಜುಲ್ಫಿಕಾರ ಮಿಠಾಯಿ ಪೆಟ್ಟಿಗೆಯ ದಾರ ಎಳೆಯುತ್ತ ತುಟಿಯಂಚಿನಲ್ಲಿ ನಗುತ್ತಿದ್ದ.

"ಅವರವ್ವಗ ಮೊಣಕಾಲು ನೋವು," ಅಂದ ಗುಲಾಬಸಾಬ. "ಮನಿಕೆಲಸಕ್ಕ ಒಬ್ಬಾಕಿ ಬೇಕಲ್ರಿ."

ಮೊಣಕಾಲು ನೋವೇ ಇಲ್ಲದ ಅಬೀದಾ ಒಳಗಿನಿಂದ ಇಣುಕಿ ಗಂಡನ ಮುಖ ನೋಡಿದಳು. ಜೋಯಾ ಕಣ್ಣು ಒರೆಸಿಕೊಂಡಳು. ಬಗ್ಗಿ ಚೀಲ ಎತ್ತಿಕೊಂಡಳು.

"ಮನಿಕೆಲಸ ಗದಗಿನ್ಯಾಗೂ ಐತಪ್ಪಾ," ಅಂದಳು.

"ಜೋಯಾ, ತಡಿಯವಾ..."

"ನಡೀರಿ ಕಾಕಾ, ಬಸ್ಸಿಗೆ ಹೊತ್ತಾಗ್ತೈತಿ," ಅಂತ ಅಬ್ದುಲಗನಿಗೆ ಹೇಳಿ ಬಾಗಿಲ ಕಡೆ ನಡೆದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪನ ಮುಂದೆ ಹಾದು ಹೋಗುವಾಗ ಒಂದು ಗಳಿಗೆ ನಿಂತು, ಅವನೊಬ್ಬನಿಗೇ ಕೇಳುವ ಹಾಗೆ, "ಬೀಡಿ ಹಚ್ಚೂಮುಂದ ಗ್ಯಾಸಿನ ಕಿವಿ ನೋಡ್ಕೊಂಡು ಹಚ್ಚು" ಅಂದಳು.

ಅಬೀದಾ ಅಳುತ್ತ ಅವರ ಹಿಂದೆಯೇ ಓಣಿಯ ತುದಿಯ ತನಕ ಹೋದಳು. ಆಟೋ ತಿರುಗಿ ಕಾಣದಾಗುವವರೆಗೂ ಅಲ್ಲೇ ನಿಂತಳು. ಗುಲಾಬಸಾಬ ಅಡುಗೆಮನೆಗೆ ಬೆನ್ನು ಮಾಡಿ ಚಾಪೆಯ ಮೇಲೆ ಕೂತ. ಮುಂದೆ ಮಿಠಾಯಿ ಪೆಟ್ಟಿಗೆ ಹಾಗೇ ಇತ್ತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಅಂತ ಹಿರಿಯರು ಕೇಳುತ್ತಾರೆ. ಅವನಿಗೆ ಅದೂ ನೆನಪಾಗಲಿಲ್ಲ. ಆಟೋದ ಸದ್ದು ಇನ್ನೂ ಕೇಳುತ್ತಿದೆಯೇನೋ ಅಂತ ಕಿವಿಗೊಟ್ಟು ಕೂತಿದ್ದ.

ಅಬೀದಾ ತಿರುಗಿ ಬಂದವಳು ಹೊಸ್ತಿಲಲ್ಲೇ ಮೂಗಿಗೆ ಸೆರಗು ಒತ್ತಿಕೊಂಡಳು. ಒಳಗೆ ಓಡಿ ಒಲೆ ಬಂದ್ ಮಾಡಿದಳು. ಕರಕಾದ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದುಕೊಂಡು ಹೊರಗೆ ಬಂದಳು.

"ಅಯ್ಯ, ಏನ್ರೀ ಇದು! ಹಾಲು ಹೊತ್ತಿ ಓಣಿತನಕ ವಾಸನಿ ಹೊಡ್ಯಾಕತ್ತೈತಿ. ಇಲ್ಲೇ ಕುಂತೀರಿ, ನಿಮಗ ಬರಲಿಲ್ಲೇನು?"

ಗುಲಾಬಸಾಬ ಹೆಂಡತಿಯ ಮುಖ ನೋಡಿದ. ಈಗ ಈ ಮನೆಯಲ್ಲಿ ಅವನ ಗುಟ್ಟು ತಿಳಿದವರು ಯಾರೂ ಇರಲಿಲ್ಲ.

"ಬಂತು," ಅಂದ.